ಪಕ್ಕದ ಪಟ್ಟಿಗೆ ಹೋದ ಬೆತ್ತದಣ್ಣ

ನಮ್ಮ ಬೀದಿಯಲ್ಲಿ ಬೆತ್ತದಣ್ಣನಷ್ಟು ಅಚ್ಚುಕಟ್ಟಾಗಿ ಕುರ್ಚಿ ಹೆಣೆಯುವವರಿಲ್ಲ, ಅವನಷ್ಟು ಅಚ್ಚುಕಟ್ಟಾಗಿ ಹೊಟ್ಟೆ ಉರಿದುಕೊಳ್ಳುವವರೂ ಇಲ್ಲ. ನನ್ನದು ಎದುರಂಗಡಿ, ಮೊಳೆ, ತಿರುಪು, ಚಿಲಕ, ಕೊಕ್ಕೆ ಮಾರುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನ ಹೊಟ್ಟೆಕಿಚ್ಚೇ ನನಗೆ ಕಾಲಕ್ಷೇಪ, ಅದೂ ಬಿಟ್ಟಿ.

ಉರಿಗೆಲ್ಲ ಕಾರಣ ಒಡಹುಟ್ಟಿದ ತಮ್ಮ. ಅಪ್ಪ ಬಿಟ್ಟುಹೋದ ಅಂಗಡಿಯ ಮುಂಭಾಗದಲ್ಲಿ ತಮ್ಮ ಹಾಸಿಗೆ ಮಾರುತ್ತಾನೆ. ಹಿಂದಿನ ಕೋಣೆಯಲ್ಲಿ ಅಣ್ಣ, ನೆನೆಸಿಟ್ಟ ಬೆತ್ತದ ನಡುವೆ ಕಾಲು ಚಾಚಿ ಕೂತು ಹೆಣೆಯುತ್ತಾನೆ. ತಮ್ಮ ನಕ್ಕರೆ ಗಿರಾಕಿಗಳೂ ನಗುತ್ತಾರೆ. ಅಣ್ಣ ನಕ್ಕರೆ, ಹಲ್ಲು ನೋವೇ ಎಂದು ಕೇಳುತ್ತಾರೆ.

ಈಚೆಗೆ ತಮ್ಮ ಒಂದು ಮಾತು ಆಡಿಬಿಟ್ಟಿದ್ದ. "ಅಣ್ಣಾ, ಈ ವರ್ಷನೂ ಕುರ್ಚಿಗೆ ಆರ್ಡರ್ ಬರದಿದ್ರೆ ಹಿಂದಿನ ಕೋಣೆ ಗೋದಾಮು ಮಾಡೋಣ." ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವವಳು ತಮ್ಮನ ಹೆಂಡತಿ. ಭಾವನ ಪಾಡು ನೋಡಲಾರದೆ ಅವಳೇ ಅವನು ಹೆಣೆಯುವುದನ್ನು ವಿಡಿಯೋ ಮಾಡಿ, ಕುರ್ಚಿ ಪುಟದ ಶುರುವಿನಲ್ಲೇ ಕೂರಿಸಿದಳು. ಬೆರಳುಗಳ ಆ ಓಟ ನೋಡಿ ಜನ ವಿಚಾರಿಸತೊಡಗಿದರು. ಹೋಟೆಲಿನ ಮ್ಯಾನೇಜರೊಬ್ಬ, ಊಟದ ಹಾಲಿಗೆಲ್ಲ ಬೆತ್ತದ ಕುರ್ಚಿಯೇ ಬೇಕು, ಯಜಮಾನರಿಗೆ ತೋರಿಸಿ ಹೇಳುತ್ತೇನೆ ಎಂದ. ಕೋಣೆ ಉಳಿಯಿತು ಅಂದುಕೊಂಡೆ.

ಅಷ್ಟರಲ್ಲಿ ಬೆತ್ತದಣ್ಣ ಅಂಗಡಿಯ ಕಂಪ್ಯೂಟರಿನಲ್ಲಿ ಸೈಟ್ ನೋಡಿಬಿಟ್ಟ. ಬಲಗಡೆಯ ಪಟ್ಟಿಯಲ್ಲಿ ತಮ್ಮನ ಫೋಟೋ. ಹಾಸಿಗೆ ಪುಟ ತೆರೆದರೂ ತಮ್ಮ, ಕುರ್ಚಿ ಪುಟ ತೆರೆದರೂ ತಮ್ಮ.

"ನನ್ನ ಪುಟದಲ್ಲೂ ಇವನ ಹಲ್ಲೇ ನೋಡ್ಬೇಕೇನಮ್ಮಾ?"

"ಅದು ಸೈಡ್‌ಬಾರ್ ಭಾವ, ಪಕ್ಕದ ಪಟ್ಟಿ. ಎಲ್ಲಾ ಪುಟಕ್ಕೂ ಬರುತ್ತೆ."

"ಹಾಗಾದ್ರೆ ನನ್ನ ವಿಡಿಯೋನೂ ಅಲ್ಲೇ ಹಾಕು. ಅವನಿಗಿಂತ ಮೇಲೆ."

"ನಿಮ್ಮದು ಪುಟದ ಶುರುವಿನಲ್ಲೇ ಅಷ್ಟು ದೊಡ್ಡದಾಗಿ ಇದೆಯಲ್ಲಾ!"

"ದೊಡ್ಡದು ಯಾರಿಗೆ ಬೇಕು? ಹಿರಿಯ ನಾನು. ಅವನಿಗೆ ಇರೋ ಜಾಗ ನನಗ್ಯಾಕಿಲ್ಲ?"

ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಕೋಡ್ ಬರೆಯಲು ಕೂತಳು. ನಾನೂ ಇಣುಕಿದೆ.

"ಪುಟ ತಯಾರಾಗಿ ಹೊರಗೆ ಬರೋ ದಾರೀಲಿ ಕೊಕ್ಕೆಗಳಿರ್ತವೆ," ಎಂದು ವಿವರಿಸಿದಳು. "ಒಂದು ಕೊಕ್ಕೆ ವಿಡಿಯೋನ ಅದರ ಜಾಗದಿಂದ ಎತ್ಕೊಳ್ಳುತ್ತೆ. ಸೈಡ್‌ಬಾರ್ ಬರೋ ಹೊತ್ತಿಗೆ ಇನ್ನೊಂದು ಅದನ್ನ ಅಲ್ಲಿ ತಗಲಿಹಾಕುತ್ತೆ. ನಾವು ಬರೆದಿಟ್ಟ ಪುಟ ಇದ್ದ ಹಾಗೇ ಇರುತ್ತೆ."

"ಇಷ್ಟು ಕೆಲಸ ಮಾಡೋ ಕೊಕ್ಕೆ ನನ್ನ ಅಂಗಡೀಲಿಲ್ಲ ತಾಯಿ," ಎಂದೆ.

ತಮ್ಮನ ತಲೆಯ ಮೇಲೆ ತನ್ನ ವಿಡಿಯೋ ಕಂಡ ಬೆತ್ತದಣ್ಣ ಆ ದಿನ ನಮ್ಮೆಲ್ಲರಿಗೂ ಚಹಾ ಕೊಡಿಸಿದ. ಅದರ ಬೆನ್ನಿಗೇ ವಿಚಾರಣೆಗಳು ನಿಂತವು. ತಮ್ಮ ಹಿಂದಿನ ಕೋಣೆಗೆ ಟೇಪು ಹಿಡಿದು ಅಳತೆ ತೆಗೆದ. ಅಣ್ಣ ಹೆಣೆಯುವುದನ್ನು ಬಿಟ್ಟು ನನ್ನ ಅಂಗಡಿಯ ಬೆಂಚಿನ ಮೇಲೆ ಬಂದು ಕೂತು, "ತಮ್ಮನ ಕಣ್ಣೇ ತಾಗಿದ್ದು," ಎಂದ.

ಅಲ್ಲೇ ಕೂತಿದ್ದಾಗ ಅವನಿಗೆ ಹೋಟೆಲಿನ ಮ್ಯಾನೇಜರ್ ಫೋನ್ ಮಾಡಿದ. "ನಮ್ಮ ಯಜಮಾನರಿಗೆ ಆ ವಿಡಿಯೋ ಸಿಗ್ತಾನೇ ಇಲ್ಲ. ಹೆಣೆಯೋದು ಬಿಟ್ಬಿಟ್ರಾ? ಬೇರೆಯವರನ್ನ ನೋಡ್ಕೊಳ್ಳೋಣ್ವಾ?"

ನನ್ನ ಫೋನಿನಲ್ಲಿ ಪುಟ ತೆರೆದೆ. ಮೇಲಿಂದ ಕೆಳಗೆ ಸರಿಸಿದೆ: ಕುರ್ಚಿಯ ಅಳತೆ, ಬೆಲೆ, ಹಾಸಿಗೆಯ ಜಾಹೀರಾತು, ಅಂಗಡಿಯ ವಿಳಾಸ. ಹೆಬ್ಬೆರಳು ಸೋತ ಮೇಲೆ ವಿಡಿಯೋ ಸಿಕ್ಕಿತು. ಅದರ ಕೆಳಗೆ ತಮ್ಮನ ಹಲ್ಲು.

ಕೂಗಿ ಕರೆದದ್ದಕ್ಕೆ ತಮ್ಮನ ಹೆಂಡತಿ ಬೀದಿ ದಾಟಿ ಬಂದಳು. "ಜನ ನೋಡೋದು ಫೋನಿನಲ್ಲಿ, ಅಲ್ಲಿ ಪಕ್ಕಕ್ಕೆ ಜಾಗ ಎಲ್ಲಿದೆ ಭಾವ? ಸೈಡ್‌ಬಾರ್ ಪೂರ್ತಿ ಕೆಳಕ್ಕೆ ಇಳಿಯುತ್ತೆ. ಹೇಳಿದ್ದೆ, ನೀವು ಕಿವಿಗೆ ಹಾಕ್ಕೊಳ್ಳಲಿಲ್ಲ."

"ಹಾಗಾದ್ರೆ ಅವನು?"

"ಅವರು ಮೊದಲಿಂದಲೂ ಕೆಳಗೇ. ನೀವೇ ಅವರ ಹತ್ತಿರಕ್ಕೆ ಇಳಿದ್ರಿ."

ಬೆತ್ತದಣ್ಣ ನನ್ನ ಫೋನು ಕಿತ್ತುಕೊಂಡು ತಾನೇ ಒಮ್ಮೆ ಕೆಳಗಿನವರೆಗೆ ಸರಿಸಿ ನೋಡಿದ. ಆಮೇಲೆ, "ಕೊಕ್ಕೆ ಕಿತ್ತು ಹಾಕಮ್ಮಾ. ಈಗಲೇ," ಎಂದ.

ಅವಳು ಕಿತ್ತಳು, ವಿಡಿಯೋ ತನ್ನ ಜಾಗದಲ್ಲೇ ಕಾಣಿಸಿತು. ಆ ವಾರವೇ ಹೋಟೆಲಿನ ಯಜಮಾನ ಹಿಂದಿನ ಕೋಣೆಗೆ ಬಂದು, ಕುರ್ಚಿಯಲ್ಲಿ ಕೂತು, ಹಾಲಿಗೆಲ್ಲ ಇದೇ ಇರಲಿ ಎಂದ. ಅಳತೆ ಟೇಪು ಜೇಬಿಗಿಳಿಸಿ, ಬಂದವರಿಗೆ ನೀರು ತಂದುಕೊಟ್ಟವನು ತಮ್ಮನೇ. ಬೆತ್ತದಣ್ಣ ಮುಂಗಡವನ್ನೂ ಕೇಳಲಿಲ್ಲ, ಗಡುವನ್ನೂ ಕೇಳಲಿಲ್ಲ.

"ವಿಡಿಯೋ ಫೋನಿನಲ್ಲೇ ನೋಡಿದ್ರಾ ಸಾರ್?" ಎಂದು ತಮ್ಮನಿಗೆ ಕೇಳಿಸುವಂತೆ ಕೇಳಿದ. "ಕೆಳಗಿನವರೆಗೂ ಹೋಗಲಿಲ್ಲ ತಾನೇ?"