ಡರ್ಬಿಯ ಪೋಲಿಷ್ ಹೋಟೆಲಿಗೆ ನಮ್ಮತ್ತೆ ಇಟ್ಟ ಪರೀಕ್ಷೆ

ಫೋನಿನಲ್ಲಿ ಸ್ಟಾರ್ ನೋಡಿ ಪೋಲಿಷ್ ಹೋಟೆಲ್ ಆರಿಸುವ ಡರ್ಬಿಯ ಗೆಳೆಯರೇ, ಇವತ್ತಿನಿಂದ ನನಗೆ ನಿಮ್ಮ ಸ್ಟಾರುಗಳ ಮೇಲೆ ನಂಬಿಕೆಯಿಲ್ಲ.

ಧಾರವಾಡದಿಂದ ಇಂಗ್ಲೆಂಡಿಗೆ ಬಂದಿರುವ ನಮ್ಮತ್ತೆ ಎಲ್ಲೇ ಉಣ್ಣಲು ಕೂತರೂ ಮೊದಲು ಬೇಡ ಎನ್ನುತ್ತಾರೆ. ಅದು ಮರ್ಯಾದೆ. ಬಡಿಸುವವರು ಮತ್ತೆ ಕೇಳಬೇಕು, ಒತ್ತಾಯ ಮಾಡಬೇಕು. ಹೋದ ವಾರ ನೀವು ಹೊಗಳಿದ ಹೋಟೆಲಿನಲ್ಲಿ ಇವರು ಬೇಡ ಎಂದದ್ದೇ ತಡ, ವೇಟರ್ "ನೋ ಪ್ರಾಬ್ಲಮ್" ಎಂದು ತಟ್ಟೆ ಎತ್ತಿಕೊಂಡು ಹೋದ. ಅತ್ತೆ ಮನೆಗೆ ಬಂದು ಮೊಸರನ್ನ ಉಂಡರು.

ಇವತ್ತು ಮಧ್ಯಾಹ್ನ ಬಸ್ ಸ್ಟೇಷನ್ ಹಿಂದಿನ ಪುಟ್ಟ ಪೋಲಿಷ್ ಹೋಟೆಲಿಗೆ ಹೋದೆವು. ಒಡತಿಯೇ ಆಲೂಗಡ್ಡೆ, ಚೀಸ್ ತುಂಬಿದ, ನಮ್ಮ ಕಡುಬಿನಂಥ ಬಿಸಿ ಪಿಯರೋಗಿ ಹಿಡಿದು ಬಂದು, ಎರಡೆರಡು ಬಡಿಸಿ ಕೇಳಿದರು.

"ಮೋರ್?"

"ಬ್ಯಾಡವಾ, ಸಾಕು." ಅತ್ತೆ ತಟ್ಟೆಗೆ ಕೈ ಅಡ್ಡ ಹಿಡಿದರು.

ಆಕೆ ಕದಲಲಿಲ್ಲ. "ಟೂ ಥಿನ್. ಈಟ್," ಎನ್ನುತ್ತ ಅತ್ತೆಯ ಕೈ ಸರಿಸಿ ಬಡಿಸಿಯೇಬಿಟ್ಟರು.

ಅತ್ತೆಯ ಮುಖ ಅರಳಿತು. "ನೋಡು, ಈಕಿಗೆ ಉಪಚಾರ ಗೊತ್ತದ."

ಹೊರಡುವಾಗ ಅತ್ತೆ ತಮ್ಮ ಬ್ಯಾಗಿನಿಂದ ಶೇಂಗಾ ಹೋಳಿಗೆ ತೆಗೆದು ಆಕೆಯ ಮುಂದೆ ಚಾಚಿದರು. ಆಕೆ "ನೋ, ನೋ" ಎಂದು ಹಿಂದೆ ಸರಿದರು. ನಾನು ಹೋಳಿಗೆಯನ್ನು ಬ್ಯಾಗಿಗೆ ವಾಪಸ್ ಇಡಲು ಹೋದೆ.

"ಇಲ್ಲಿದ್ದು ಇಲ್ಲಿದ್ದು ನೀನೂ ಆ ವೇಟರ್‌ನಂಗ ಆದಿ ನೋಡು," ಎಂದು ಅತ್ತೆ ನನ್ನನ್ನು ಗದರಿಸಿ, ಹೋಳಿಗೆಯನ್ನು ಮತ್ತೆ ಚಾಚಿದರು. ಈ ಸಲ ಆಕೆ ಎರಡೂ ಕೈಯೊಡ್ಡಿ ತೆಗೆದುಕೊಂಡರು.

ಇಂಥ ಅತ್ತೆ ನನಗಿದ್ದಾರೆ, ನಿಮಗಿಲ್ಲ. ಹಾಗಾಗಿ ಒಂದು ಮಾತು: ಒಳ್ಳೆಯ ಪೋಲಿಷ್ ಹೋಟೆಲ್ ಬೇಕಿದ್ದರೆ ಫೋನ್ ಒಳಗಿಟ್ಟು, ಒಮ್ಮೆ ಬೇಡ ಎಂದು ನೋಡಿ. ಆ ಮಾತನ್ನು ನಂಬುವವರ ಹೋಟೆಲಿಗೆ ಮತ್ತೆ ಕಾಲಿಡಬೇಡಿ.