ಲೆವೆಲ್ಲಣ್ಣನ ಅರವತ್ತೆರಡು ಉತ್ತರಗಳು

ಅವನಿಗೆ ಆ ಹೆಸರಿಟ್ಟವನು ನಾನೇ. ಅಂಗಿ ಜೇಬಿನಲ್ಲಿ ಬೆರಳುದ್ದದ ಒಂದು ಮಟ್ಟಗೋಲು, ನಮ್ಮ ಬಾಯಲ್ಲಿ ಲೆವೆಲ್ಲು, ಸದಾ ಇರುತ್ತಿತ್ತು. ಒಳಗೆ ಹಸಿರು ನೀರು, ನೀರಿನಲ್ಲೊಂದು ಗುಳ್ಳೆ. ಲಿಫ್ಟಿನ ಹೊಸ್ತಿಲ ಮೇಲೆ ಅದನ್ನಿಟ್ಟು ನೋಡುವುದು ಸರಿ, ಅದು ಕೆಲಸ. ಇವನು ಟೀ ಅಂಗಡಿಯ ಮೇಜಿನ ಮೇಲೂ ಇಟ್ಟು ನೋಡುವವನು. ಗುಳ್ಳೆ ಒಂದು ಕಡೆ ಸರಿದರೆ ರಟ್ಟಿನ ಚೂರು ಮಡಚಿ ಮೇಜಿನ ಕಾಲಿಗೆ ಕೊಟ್ಟು, ಆಮೇಲೆಯೇ ಲೋಟಕ್ಕೆ ಕೈ ಹಾಕುತ್ತಿದ್ದ. ಅಷ್ಟರಲ್ಲಿ ಟೀ ತಣ್ಣಗಾಗಿರುತ್ತಿತ್ತು, ಅದನ್ನು ಕುಡಿಯುವಾಗ ನನ್ನ ಮುಖ ನೋಡಿ ನಗುತ್ತಿದ್ದ. ನನಗಿಂತ ಮೂರು ವರ್ಷ ದೊಡ್ಡವನಾದ್ದರಿಂದ ಬಾಲಕ್ಕೊಂದು ಅಣ್ಣ ಸೇರಿಸಿದೆ. ಲೆವೆಲ್ಲಣ್ಣ ಅಂತಲೇ ಇಡೀ ಕಂಪನಿಗೆ ಅವನು ಗೊತ್ತು.

ನಾವಿಬ್ಬರೂ ಈ ಪರದೇಶದಲ್ಲಿ ಲಿಫ್ಟ್ ರಿಪೇರಿ ಮಾಡುವವರು. ಒಂಬತ್ತು ವರ್ಷದಿಂದ ಒಂದೇ ಜೋಡಿ, ಒಂದೇ ಕೋಣೆ. ಕೆಲಸದಲ್ಲಿ ಅವನು ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲೆ, ಕತ್ತಲೆ ಬಾವಿಯೊಳಗೆ ನಿಂತಿರುತ್ತಾನೆ. ನಾನು ಕಟ್ಟಡದ ತುದಿಯಲ್ಲಿ ಮೋಟರ್ ಕೋಣೆಯಲ್ಲಿ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ನಡುವೆ ಇರುವುದು ವೈರ್‌ಲೆಸ್ ಒಂದೇ. ಅವನು "ಅರ್ಧ ಅಡಿ ಕೆಳಗೆ" ಅಂದರೆ ನಾನೂ "ಅರ್ಧ ಅಡಿ ಕೆಳಗೆ" ಅಂತ ತಿರುಗಿ ಹೇಳಬೇಕು. "ಸರಿ" ಅನ್ನುವ ಹಾಗಿಲ್ಲ, "ಹೂಂ" ಅನ್ನುವ ಹಾಗಿಲ್ಲ, "ಆಯ್ತಣ್ಣ, ಇಳಿಸ್ತೀನಿ" ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಅದೇ ಪದ, ಅದೇ ಕ್ರಮ. ಒಂದು ಪದ ಆಚೀಚೆಯಾದರೂ ಸ್ವಿಚ್ಚು ಮುಟ್ಟುವಂತಿಲ್ಲ. ಬೇರೆ ಜೋಡಿಯಲ್ಲೊಬ್ಬ ಒಮ್ಮೆ ಗಡಿಬಿಡಿಯಲ್ಲಿ "ಸರಿ" ಅಂದುಬಿಟ್ಟಿದ್ದಕ್ಕೆ ಕೆಳಗಿದ್ದವನ ಮೂರು ಬೆರಳು ಹೋದವು. ಎರಡು ಬಾಯಲ್ಲಿ ಒಂದೇ ಮಾತು ಬಂದರೆ ಜೀವ ಉಳಿಯುತ್ತದೆ ಅನ್ನುವುದು ನಮಗೆ ರಕ್ತಕ್ಕಿಳಿದ ಪಾಠ. ನಾನು ಅದನ್ನು ಬೇಡದ ಕಡೆ ತೆಗೆದುಕೊಂಡು ಹೋದೆ.

ಅವನ ಹೆಂಡತಿ, ಅಂದರೆ ನನ್ನ ಪಾಲಿನ ಅತ್ತಿಗೆ, ಮೊದಲು ಈ ಊರಿನ ಆಸ್ಪತ್ರೆಯೊಂದರಲ್ಲೇ ನರ್ಸ್ ಆಗಿದ್ದಳು. ಅಲ್ಲಿನ ಲಿಫ್ಟುಗಳು ನಮ್ಮ ಪಾಲಿಗಿದ್ದವು. ಒಂದು ದಿನ ಲಿಫ್ಟು ನೆಲಕ್ಕಿಂತ ಎರಡು ಬೆರಳು ಕೆಳಗೆ ನಿಂತು, ಅವಳು ತಳ್ಳುತ್ತಿದ್ದ ಮಂಚದ ಗಾಲಿ ಸಿಕ್ಕಿಕೊಂಡಿತು. "ಈಗಷ್ಟೇ ಹೊಟ್ಟೆಗೆ ಹೊಲಿಗೆ ಹಾಕಿದೆ ಇವರಿಗೆ. ನಿಮ್ಮ ಲಿಫ್ಟು ಅದನ್ನ ಬಿಚ್ಚಿ ಹಾಕತ್ತೆ!" ಅಂತ ಎಲ್ಲರೆದುರು ಲೆವೆಲ್ಲಣ್ಣನಿಗೆ ಮಂಗಳಾರತಿ ಮಾಡಿದಳು. ಅವನು ಅವತ್ತೇ ಸರಿಮಾಡಿದ. ಮಾರನೆಯ ದಿನ ಸರಿಯಾಗಿದೆಯೇ ಅಂತ ನೋಡಲು ಹೋದ. ಅದರ ಮಾರನೆಯ ದಿನವೂ ಹೋದ. ಆ ತಿಂಗಳು ಆ ಒಂದು ಲಿಫ್ಟಿಗೆ ನಡೆದ ಉಪಚಾರ ಒಳಗಿದ್ದ ರೋಗಿಗಳಿಗೂ ನಡೆದಿರಲಿಕ್ಕಿಲ್ಲ.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು, ಸಾಕ್ಷಿ ಹಾಕಿದವನು ನಾನು. ಹನ್ನೊಂದು ದಿನಕ್ಕೆ ಅವಳು ಇನ್ನೊಂದು ದೇಶದ ಆಸ್ಪತ್ರೆಗೆ ಹೊರಟಳು, ಅದು ಮೊದಲೇ ಗೊತ್ತಾಗಿದ್ದ ಕೆಲಸ. ಅಲ್ಲಿ ಖಾಯಂ ನೆಲೆಸುವ ಹಕ್ಕು ಸಿಕ್ಕ ಕೂಡಲೇ ಗಂಡನನ್ನು ಕರೆಸಿಕೊಳ್ಳುವುದು, ಅಲ್ಲಿಯವರೆಗೆ ತಾಳ್ಮೆ, ಇಷ್ಟೇ ಲೆಕ್ಕಾಚಾರ. ಆ ಹಕ್ಕು ಸಿಗಲು ನಾಲ್ಕು ವರ್ಷ, ಅರ್ಜಿ ಮುಂದೆ ಸರಿಯಲು ಇನ್ನೆರಡು ವರ್ಷ ಹಿಡಿಯಿತು. ನಡುವೆ ಮೂರು ಸಲ ರಜೆಯಲ್ಲಿ ಬಂದಿದ್ದಳು. ಎಲ್ಲ ಸೇರಿಸಿದರೂ ಅವರ ಸಂಸಾರ ಮೂರು ತಿಂಗಳು ತುಂಬಿರಲಿಲ್ಲ.

ದಿನಕ್ಕೆ ಇಪ್ಪತ್ತು ನಿಮಿಷ ಫೋನು. ನಮ್ಮ ಮಧ್ಯಾಹ್ನದ ಊಟದ ಹೊತ್ತು, ಅವಳ ಚಹಾದ ಹೊತ್ತು. ಪಕ್ಕದಲ್ಲೇ ಕೂತಿರುತ್ತಿದ್ದ ನನಗೆ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು. ಅಲ್ಲಿ ಚಳಿ ಎಷ್ಟಿದೆ?"

ಆಮೇಲೆ ಒಂದು ದೊಡ್ಡ ಮೌನ. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಕೊನೆಗೆ ಇವನು ಗಂಟಲು ಸರಿಮಾಡಿಕೊಂಡು, "ಅಡುಗೆಮನೆ ಕಿಟಕಿ ಪಕ್ಕದ ಗೋಡೆ ಎಷ್ಟು ಅಗಲ ಇದೆ, ಸ್ವಲ್ಪ ಟೇಪ್ ಹಿಡಿದು ಹೇಳು" ಅನ್ನುತ್ತಿದ್ದ. ಅಲ್ಲಿಗೆ ಹೋದ ಮೇಲೆ ಅವಳಿಗೊಂದು ಕಪಾಟು ಮಾಡಿಕೊಡುವ ನಕ್ಷೆ ಅದು. "ಏನಾದ್ರೂ ಒಳ್ಳೆ ಮಾತಾಡಬಾರದಾ ಮಾರಾಯ?" ಅಂತ ನಾನು ಬೈದರೆ, "ಇದು ಕೆಟ್ಟ ಮಾತಾ?" ಅಂತ ನನ್ನನ್ನೇ ಕೇಳುತ್ತಿದ್ದ.

ಸಂದರ್ಶನದ ಕಾಗದ ಬಂದಾಗ ಐದು ವಾರ ಸಮಯವಿತ್ತು. ಈ ದೇಶದಲ್ಲಿರುವ ಆ ದೇಶದ ವೀಸಾ ಕಚೇರಿಗೆ ಇವನೊಬ್ಬನೇ ಹೋಗಬೇಕು. ಅವಳಿಗೆ ಆಗ ನಲವತ್ತೊಂದು. ಈ ಸಲ ಆಗದಿದ್ದರೆ ಇನ್ನು ಯಾವಾಗ ಒಟ್ಟಿಗಿರುವುದು, ಇನ್ನು ಯಾವಾಗ ಒಂದು ಮಗು, ಅನ್ನುವ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆಡದಿದ್ದರೆ ಏನು, ಇಬ್ಬರ ತಲೆಯಲ್ಲೂ ಅದೊಂದೇ ಕೊರೆಯುತ್ತಿತ್ತು. ಲೆವೆಲ್ಲಣ್ಣ ಕಾಗದ ಹಿಡಿದು ಮಂಚದ ಮೇಲೆ ಕೂತವನು, "ನನಗೆ ಮಾತು ಬರಲ್ಲ ಕಣೋ, ಅಲ್ಲಿ ಏನ್ ಮಾಡಲಿ?" ಅಂದ.

ನಾನಿದ್ದೇನಲ್ಲ, ಮೂಗು ತೂರಿಸಲು! ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವನು ಇಂಥ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಿದ್ದ. ಅವನ ಹತ್ತಿರ ಅರವತ್ತೆರಡು ಪ್ರಶ್ನೆಗಳ ಒಂದು ಪಟ್ಟಿ ಇತ್ತು. ಕೊಡುವಾಗ, "ಗಂಡ ಒಂದು ಹೇಳಿ ಹೆಂಡತಿ ಇನ್ನೊಂದು ಹೇಳಿದ್ರೆ ಮುಗೀತು ಕಥೆ. ವೀಸಾಕ್ಕೋಸ್ಕರ ಆದ ಕಳ್ಳ ಮದುವೆ ಅಂತ ಮುದ್ರೆ ಒತ್ತಿಬಿಡ್ತಾರೆ" ಅಂದ. ಅದನ್ನು ಕೇಳಿದ ಮೇಲೆ ನನ್ನ ತಲೆಯಲ್ಲಿ ಬೇರೆ ಏನೂ ಉಳಿಯಲಿಲ್ಲ. ಒಂದೇ ಮಾತು, ಎರಡು ಬಾಯಿ. ಇದು ನಮಗೆ ನೀರು ಕುಡಿದಷ್ಟು ಸುಲಭದ ಕೆಲಸ ಅಂದುಕೊಂಡೆ.

ಮೋಟರ್ ಕೋಣೆಯಲ್ಲಿ ಗ್ರೀಸ್ ಡಬ್ಬಿಯ ಮೇಲೆ ಕೂತು ನಾನು ಆಫೀಸರ್ ಆದೆ. ಅವನು ಎದುರಿಗೆ ಕೈಕಟ್ಟಿ ನಿಂತ.

"ನಿಮ್ಮ ಹೆಂಡತಿ ಮಂಚದ ಯಾವ ಕಡೆ ಮಲಗ್ತಾರೆ?"

"ನನ್ನ ಹೆಂಡತಿ ಮಂಚದ ಯಾವ ಕಡೆ ಮಲಗ್ತಾಳೆ. ಗೋಡೆ ಕಡೆ." ಹೇಳುತ್ತಲೇ ಅವನ ಕಿವಿ ಕೆಂಪಾಯಿತು.

ಪ್ರಶ್ನೆಯನ್ನು ತಿರುಗಿ ಹೇಳಿಯೇ ಉತ್ತರ ಕೊಡುವುದು ಅವನ ನಾಲಿಗೆಗೆ ಅಂಟಿದ್ದ ಕೆಲಸದ ಚಾಳಿ. ಅದನ್ನು ಬಿಡಿಸುವ ಬುದ್ಧಿ ನನಗೆ ಬರಲಿಲ್ಲ, ಬದಲಿಗೆ ಶಹಬ್ಬಾಸ್ ಅಂದೆ. ದಿನಾ ಎರಡು ಪ್ರಶ್ನೆ. ಉತ್ತರ ಪಕ್ಕಾ ಆದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದು, ಫೋನಿನಲ್ಲಿ ಅವಳಿಗೆ ಓದಿ, ಅವಳೂ ಬಾಯಿಪಾಠ ಮಾಡುವುದು. ಮೊದಮೊದಲು ಅವಳು, "ನನ್ನ ಗಂಡನ ವಿಷಯ ನಾನು ಬಾಯಿಪಾಠ ಮಾಡಬೇಕಾ?" ಅಂತ ಗೊಣಗಿದಳು. ನಾನು ಫೋನು ಕಸಿದುಕೊಂಡು, "ಅತ್ತಿಗೆ, ಒಂದಕ್ಷರ ಹೆಚ್ಚುಕಮ್ಮಿ ಆಗಬಾರದು" ಅಂತ ತಾಕೀತು ಮಾಡಿದೆ.

ನಲವತ್ತೊಂದನೆಯ ಪ್ರಶ್ನೆ, ನಿಮ್ಮಿಬ್ಬರಲ್ಲಿ ಜಗಳ ಆಗುತ್ತದೆಯೇ ಅನ್ನುವುದು. ಲೆವೆಲ್ಲಣ್ಣ "ಇಲ್ಲ" ಅಂದ. ಅದು ನಿಜವೂ ಹೌದು, ಆರು ವರ್ಷದಲ್ಲಿ ಅವರು ಒಮ್ಮೆಯೂ ಜಗಳವಾಡಿದ್ದು ನಾನು ಕೇಳಿಲ್ಲ. ಆದರೆ ಜಗಳವಿಲ್ಲದ ಗಂಡ ಹೆಂಡತಿ ಅಂದರೆ ಯಾರು ನಂಬುತ್ತಾರೆ? ಸ್ವಲ್ಪ ಉಪ್ಪು ಖಾರ ಬೇಕು ಅಂತ ನಾನೇ ಕೂತು ಬರೆದೆ: "ನಮಗೆ ಸಿಗೋದೇ ದಿನಕ್ಕೆ ಇಪ್ಪತ್ತು ನಿಮಿಷ. ಅದು ಅವಳ ದನಿ ಕೇಳೋದರಲ್ಲೇ ಮುಗಿದುಹೋಗುತ್ತೆ. ಜಗಳವನ್ನೆಲ್ಲ ಮುದುಕರಾದ ಮೇಲೆ ಆಡೋಣ ಅಂತ ಎತ್ತಿಟ್ಟಿದ್ದೀವಿ."

ಅವತ್ತು ಅವನು ಇದನ್ನು ಅವಳಿಗೆ ಓದಿದ. ಆ ಕಡೆಯಿಂದ ಮೊದಲು ನಗು ಬಂತು, ಆಮೇಲೆ ನಗು ನಿಂತಿತು.

"ಇದು ನೀವೇ ಬರೆದಿದ್ದಾ?"

ಲೆವೆಲ್ಲಣ್ಣ ನನ್ನ ಮುಖ ನೋಡಿದ. ನಾನು ಹೂಂ ಅನ್ನು ಅಂತ ಕಣ್ಸನ್ನೆ ಮಾಡಿದೆ. ಅವನು ಹೂಂ ಅಂದ.

"ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನೆಲ್ಲ?" ಅಂದಳು. ದನಿ ಒದ್ದೆಯಾಗಿತ್ತು.

ಅರವತ್ತೊಂದು ಉತ್ತರಗಳನ್ನು ಅವಳು ನನ್ನ ಕಾಟಕ್ಕೆ ಕಲಿತಳು, ಇದೊಂದನ್ನು ಮಾತ್ರ ತಾನಾಗಿ ಕಲಿತಳು. ನಾನು ಅವತ್ತು ಬೀಗಿದ್ದೇ ಬೀಗಿದ್ದು.

ಸಂದರ್ಶನದ ದಿನ ನಾನೂ ರಜೆ ಹಾಕಿ, ವೀಸಾ ಕಚೇರಿಯ ಎದುರು ಬೀದಿಯ ಬೆಂಚಿನ ಮೇಲೆ ಕೂತೆ. ಇಸ್ತ್ರಿ ಮಾಡಿದ ಅಂಗಿ, ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲು, ಹಿಂದಿರುಗಿ ನೋಡದೆ ಒಳಗೆ ಹೋದ. ಒಂದೂವರೆ ಗಂಟೆ ಆದ ಮೇಲೆ ಹೊರಗೆ ಬಂದು ಪಕ್ಕದಲ್ಲಿ ಕೂತು, ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದ.

ಆಫೀಸರ್ ಒಳ್ಳೆಯವನಂತೆ. ಪಕ್ಕದಲ್ಲಿ ನಮ್ಮ ಭಾಷೆ ಬಲ್ಲ ದುಭಾಷಿ ಹೆಂಗಸು. ಇವನು ಪ್ರತಿ ಪ್ರಶ್ನೆಯನ್ನೂ ತಿರುಗಿ ಹೇಳಿ ಉತ್ತರಿಸಿದನಂತೆ. ಜಗಳದ ಪ್ರಶ್ನೆಗೆ ಇವನ ಉತ್ತರ ಕೇಳಿ ಆ ಹೆಂಗಸಿಗೆ ನಗು ಬಂತಂತೆ, ಆಫೀಸರ್‌ಗೆ ಅದನ್ನು ಹೇಳಿದಾಗ ಅವನೂ ನಕ್ಕನಂತೆ. "ನನಗೆ ಧೈರ್ಯ ಬಂತು ಕಣೋ" ಅಂದ ಲೆವೆಲ್ಲಣ್ಣ. "ಆಮೇಲೆ ಅವಳ ನಂಬರ್ ಕೇಳಿದ್ರು. ಅಲ್ಲೇ ಫೋನ್ ಹಚ್ಚಿದ್ರು, ಎಲ್ಲರಿಗೂ ಕೇಳೋ ಹಾಗೆ. ನಾನು ಮಧ್ಯ ಬಾಯಿ ಹಾಕಬಾರದು ಅಂದ್ರು."

"ಏನೇನು ಕೇಳಿದ್ರು?"

"ಏಳೆಂಟು ಪ್ರಶ್ನೆ. ಎಲ್ಲ ನನಗೆ ಕೇಳಿದ್ದೇ. ಕೊನೆಗೆ ಜಗಳದ್ದು. ಅವಳು ನಗ್ತಾ ನಗ್ತಾ ಹೇಳಿದ್ಲು. ಅದೇ ಇಪ್ಪತ್ತು ನಿಮಿಷ, ಅದೇ ಮುದುಕರಾದ ಮೇಲೆ. ಅವಳ ದನಿ ಅನ್ನೋ ಕಡೆ ಅವರ ದನಿ ಅಂದ್ಲು, ಅಷ್ಟೇ. ಬೇರೆ ಒಂದು ಪದ ಬಿಡಲಿಲ್ಲ."

"ಅವರೇನಂದ್ರು?"

"ಏನೂ ಅನ್ನಲಿಲ್ಲ. ಆ ಹೆಂಗಸು ಈ ಸಲ ನಗಲಿಲ್ಲ. ಮೇಜು ನೋಡ್ಕೊಂಡು ಆಫೀಸರ್‌ಗೆ ಹೇಳಿದ್ರು. ಅವರು ಏನೋ ಬರ್ಕೊಂಡ್ರು." ಅವನು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ, "ಎರಡೂ ಒಂದೇ ಬಂತಲ್ಲ. ಸರಿಯಾಯ್ತು ಅಲ್ವಾ?"

ಮಾತಿನಲ್ಲಿ ಬದುಕುವ ಜನ ಒಂದೇ ಮಾತನ್ನು ಎರಡು ಸಲ ಕೇಳಿದರೆ ಏನಂದುಕೊಳ್ಳುತ್ತಾರೆ ಅನ್ನುವುದು ಆ ಬೆಂಚಿನ ಮೇಲೆ ಕೂತಾಗ ನನಗೆ ಹೊಳೆಯಿತು. ಐದು ವಾರದಲ್ಲಿ ಹೊಳೆಯದ್ದು. ಆದರೂ ಸರಿಯಾಯ್ತು ಅಂದೆ.

ಒಂಬತ್ತನೆಯ ದಿನ ಕಾಗದ ಬಂತು. ಉತ್ತರಗಳು ಮೊದಲೇ ಕಲಿಸಿಕೊಟ್ಟಂತಿವೆ, ದಾಂಪತ್ಯ ನಿಜವೆಂದು ಮನವರಿಕೆಯಾಗಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ಮರುಪರಿಶೀಲನೆ ಬೇಕಾದರೆ ಹೆಂಡತಿಯೇ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಗಡುವು ಮೀರಿದರೆ ಅರ್ಜಿ ಮೊದಲಿನಿಂದ. ಮತ್ತೆ ವರ್ಷಗಟ್ಟಲೆ ಕಾಯುವ ವಯಸ್ಸು ಅವರಿಗಿರಲಿಲ್ಲ.

ಲೆವೆಲ್ಲಣ್ಣ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವನು ಕೆಲಸಕ್ಕೆ ಬರುತ್ತಿದ್ದ, ಉಣ್ಣುತ್ತಿದ್ದ, "ಅವಳು ಅರ್ಜಿ ತುಂಬಿದ್ದಾಳಂತೆ, ಟಿಕೆಟ್ಟು, ಫೋಟೋ ಎಲ್ಲ ಸೇರಿಸ್ತಿದ್ದಾಳಂತೆ" ಅನ್ನುತ್ತಿದ್ದ. ಅಪರಾಧ ನನ್ನದು, ಅದನ್ನು ನಾನೇ ಬರೆದುಕೊಟ್ಟರೆ ಅವರ ಅರ್ಜಿಗೆ ಬಲ ಬರುತ್ತದೆ ಅನ್ನಿಸಿತು. ನಿಜ ಹೇಳಬೇಕೆಂದರೆ ನನ್ನ ಎದೆಯೂ ಹಗುರವಾಗುತ್ತದೆ ಅನ್ನಿಸಿತು. ವಾರದ ರಜೆಯ ದಿನ ಅವನು ಬಟ್ಟೆ ಒಗೆಯಲು ಕೆಳಗೆ ಹೋದಾಗ ನಾನು ಅವಳಿಗೆ ಫೋನು ಮಾಡಿದೆ.

"ಅತ್ತಿಗೆ, ಆ ಉತ್ತರಗಳೆಲ್ಲ ಪಕ್ಕಾ ಮಾಡಿಸಿದ್ದು ನಾನು. ಬಾಯಿಪಾಠ ಮಾಡಿಸಿದ್ದೂ ನಾನೇ. ಹಾಗಂತ ಬರೆದು ಸಹಿ ಹಾಕಿ ಕಳಿಸ್ತೀನಿ, ನಿಮ್ಮ ಅರ್ಜಿ ಜೊತೆ ಸೇರಿಸಿ."

"ಅದು ಗೊತ್ತಲ್ಲ ನನಗೆ. ಕಳಿಸಿ, ಒಳ್ಳೇದೇ ಆಯ್ತು."

ಅಲ್ಲಿಗೆ ಫೋನು ಇಡಬಹುದಿತ್ತು. ನನ್ನ ಬಾಯಿ ಬಿಡಬೇಕಲ್ಲ. "ಆ ಜಗಳದ ಮಾತೂ ನಾನೇ ಬರೆದದ್ದು ಅತ್ತಿಗೆ. ಅದರಿಂದಲೇ ಕೆಟ್ಟಿದ್ದು. ಅವನು ಬರೀ ಇಲ್ಲ ಅಂದಿದ್ದ."

ಆ ಕಡೆ ಯಾವುದೋ ಗಾಲಿ ಉರುಳುವ ಸದ್ದು, ಯಾರೋ ಅವಳನ್ನು ಕರೆದರು.

"ಅವರೇ ಬರೆದಿದ್ದು ಅಂದ್ರಲ್ಲ," ಅಂದಳು.

"ನಾನೇ ಹಾಗೆ ಹೇಳಿಸಿದ್ದು. ಆದ್ರೆ ಅವನ ಮನಸ್ಸಲ್ಲಿ ಇದ್ದಿದ್ದೇ ಅದು, ನಾನು ಬರೀ ಮಾತು ಜೋಡಿಸಿದೆ. ನಿಮ್ಮ ಅಡುಗೆಮನೆ ಕಪಾಟಿಗೆ ಎಷ್ಟು ನಕ್ಷೆ ಬರೆದಿದ್ದಾನೆ ಗೊತ್ತಾ?"

"ಗೋಡೆ ಅಳತೆ ಕೇಳಿದ್ದಾರೆ, ಹೌದು. ಆರು ವರ್ಷ ಕೇಳಿದ್ದಾರೆ." ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು. "ನಾನು ಹೆಂಗಿದ್ದೀನಿ ಅಂತ ಒಂದು ದಿನ ಕೇಳಿದ್ದಿಲ್ಲ. ಹೋಗ್ಲಿ, ಅವರಿಗೆ ಹೇಳೋಕೆ ಬರಲ್ಲ, ಒಳಗೆ ಇದೆ ಅಂದ್ಕೊಂಡಿದ್ದೆ. ಆ ಮಾತು ಬಂದಾಗ, ನೋಡು ಇತ್ತಲ್ಲ, ಅಂತ ಎಷ್ಟು ಅತ್ತೆ ಗೊತ್ತಾ? ಡ್ಯೂಟಿಲಿ ನಿಂತ್ಕೊಂಡು ಅದನ್ನೇ ಹೇಳ್ಕೊಳ್ತಿದ್ದೆ. ಈಗ ನೋಡಿದ್ರೆ ಅದೂ ನಿಮ್ಮದು. ಆ ಆಫೀಸರ್‌ಗೆ ಬಂದ ಅನುಮಾನ ನನಗೂ ಬಂತಲ್ಲ ಇವತ್ತು."

"ಅತ್ತಿಗೆ, ಹಾಗನ್ನಬೇಡಿ" ಅಂದೆ. ಇನ್ನೂ ಏನೇನೋ ಅಂದೆ. ಡ್ಯೂಟಿಗೆ ಹೊತ್ತಾಯಿತು ಅಂತ ಅವಳು ಫೋನಿಟ್ಟಳು. ಲೆವೆಲ್ಲಣ್ಣ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಬಂದು, ನನ್ನ ಅಂಗಿಗಳನ್ನೂ ತಾನೇ ಹರವಿದ. ನಾನು ಅವನಿಗೆ ಏನೂ ಹೇಳಲಿಲ್ಲ. ನನ್ನ ಸಹಿ ಹಾಕಿದ ಕಾಗದವನ್ನು ಮಾರನೆಯ ದಿನವೇ ಅವಳಿಗೆ ಕಳಿಸಿದೆ. ತಲುಪಿತು ಅಂತ ಕೂಡ ಅವಳಿಂದ ಸುದ್ದಿ ಬರಲಿಲ್ಲ.

ತಿರಸ್ಕಾರದ ಕಾಗದ ಬಂದ ಇಪ್ಪತ್ತೆಂಟನೆಯ ದಿನ ಊಟದ ಹೊತ್ತಿಗೆ ಅವರ ಮಾತು ನಾಲ್ಕೇ ನಿಮಿಷಕ್ಕೆ ಮುಗಿಯಿತು. ಲೆವೆಲ್ಲಣ್ಣ ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ.

"ಅರ್ಜಿ ಕಳಿಸೇ ಇಲ್ವಂತೆ. ಎಲ್ಲ ತುಂಬಿ ಮೇಜಿನ ಮೇಲಿಟ್ಟಿದ್ದಾಳಂತೆ. ಯಾಕೆ ಅಂದ್ರೆ ಸುಸ್ತಾಗಿದೆ ಅಂತಾಳೆ. ಇನ್ನೇನೂ ಹೇಳ್ತಿಲ್ಲ." ಅವನು ಊಟ ಅರ್ಧಕ್ಕೇ ಬಿಟ್ಟಿದ್ದ. ಒಂಬತ್ತು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. "ಇನ್ನೆರಡೇ ದಿನ ಇರೋದು. ನನಗೆ ಏನು ಹೇಳಬೇಕು ಅಂತ ತಿಳೀತಿಲ್ಲ ಕಣೋ. ನೀನು ಒಂದ್ಸಲ ಮಾತಾಡು. ನೀನು ಹೇಳಿದ್ರೆ ಕೇಳ್ತಾಳೆ."

ಅವನೇ ನಂಬರ್ ಒತ್ತಿ, ಫೋನನ್ನು ನನ್ನ ಕೈಗೆ ಕೊಟ್ಟ. ಆ ಕಡೆ ರಿಂಗಾಗುತ್ತಿತ್ತು.