ಬಾಯಿ ತೆರೆದರೆ ಸೋಲು

ಬನಹಟ್ಟಿಯ ನಮ್ಮ ಓಣಿಯ ಗರಡಿಮನೆಯಲ್ಲಿ ಎಲ್ಲೂ ಬರೆದಿಡದ ಒಂದು ನಿಯಮವಿದೆ: ಎಷ್ಟೇ ದಣಿದರೂ ಬಾಯಿ ತೆರೆಯಬಾರದು. ಉಸಿರು ಮೂಗಿನಿಂದಲೇ ಬರಬೇಕು, ಮೂಗಿನಿಂದಲೇ ಹೋಗಬೇಕು. ಕಣದಲ್ಲಿ ಪೈಲ್ವಾನನ ಬಾಯಿ ತೆರೆಯಿತೆಂದರೆ ಅವನ ದಮ್ಮು ಮುಗಿಯಿತೆಂದು ಎದುರಾಳಿಗೆ ಗೊತ್ತಾಗುತ್ತದೆ. ಮುಂದಿನ ಪಟ್ಟಿಗೆ ಅವನ ಬೆನ್ನು ಮಣ್ಣಿಗೆ ಹತ್ತುತ್ತದೆ.

ನಮ್ಮ ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಆ ಗರಡಿಯ ಉಸ್ತಾದ. ಸಾಮು ಮಾಡುವವರ ತುಟಿ ಸ್ವಲ್ಪ ಸಡಿಲಾದರೂ ಬೇವಿನ ಕಡ್ಡಿಯಿಂದ ತಟ್ಟಿ, "ಮುಚ್ಚಲೇ ಬಾಯಿ, ನೊಣ ಹೊಕ್ಕಾವು" ಎನ್ನುತ್ತಿದ್ದರು.

ಹೊಟ್ಟೆಪಾಡಿಗೆ ಅವರದು ಪವರ್‌ಲೂಮ್ ಶೆಡ್ಡಿನ ಕೆಲಸ. ಬೆಳಿಗ್ಗೆ ಗರಡಿ, ಆಮೇಲೆ ಸಂಜೆಯ ತನಕ ಮಗ್ಗ. ಗಾಳಿಗೆ ಎಳೆ ಹರಿಯುತ್ತದೆಂದು ಶೆಡ್ಡಿನ ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಕಾಕಾ ಮನೆಗೆ ಬಂದಾಗ ಹುಬ್ಬು, ಮೀಸೆಗಳ ಮೇಲೆ ನೂಲಿನ ಧೂಳು ಬೆಳ್ಳಗೆ ಕೂತಿರುತ್ತಿತ್ತು. ಬೀಡಿ ಮುಟ್ಟಿದವರಲ್ಲ. ಹಾಗಾಗಿ ಅರವತ್ತು ದಾಟಿದ ಮೇಲೆ ಕೆಮ್ಮು ಶುರುವಾದಾಗ ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಮನೆಯಿಂದ ಗರಡಿ ದೂರವೇನಲ್ಲ. ನಡುವೆ ಒಂದು ಸಣ್ಣ ಏರು ಇದೆ, ಅಷ್ಟೆ. ಆ ಏರಿನಲ್ಲಿ ಕಾಕಾ ನಿಂತು ಧೋತರದ ಕಚ್ಚೆ ಬಿಗಿ ಮಾಡಿಕೊಳ್ಳತೊಡಗಿದರು. ಮುಂದೆ ಕಿರಾಣಿ ಅಂಗಡಿಯ ಎದುರೂ ನಿಂತು ದರ ವಿಚಾರಿಸತೊಡಗಿದರು. ಅಂಗಡಿಯವನು ಒಂದು ದಿನ ಕೇಳಿಯೇಬಿಟ್ಟ: "ಉಸ್ತಾದ್ರ, ದಿನಾ ಬ್ಯಾಳಿ ರೇಟ್ ಕೇಳ್ತೀರಿ. ಒಮ್ಮೆರೆ ತಗೊಂಡು ಹೋಗ್ರಲ್ಲ!" ಕಾಕಾ ಉತ್ತರ ಕೊಡಲಿಲ್ಲ. ಕೊಡಲು ಉಸಿರಿರಲಿಲ್ಲ. ಕೊರಳ ನರಗಳು ಉಬ್ಬಿದ್ದವು, ತುಟಿಗಳು ಮಾತ್ರ ಬಿಗಿದಿದ್ದವು.

ಮೋಟರ್‌ಸೈಕಲ್ ಮೇಲೆ ಬಿಟ್ಟು ಬರುತ್ತೇನೆಂದೆ. ಕಾಕಾನ ಹೆಂಡತಿ ಕಾಕೂ ಕೂಡ ಒತ್ತಾಯಿಸಿದಳು.

"ನಡ್ಕೋತ ಹೋದ್ರ ಉಸ್ತಾದ," ಎಂದರು ಕಾಕಾ. "ಗಾಡಿ ಮ್ಯಾಲ ಕುಂತು ಹೋದ್ರ ಹೊತ್ಕೊಂಡು ಹೋದಂಗ. ನಡ್ಯಾಕ ಆಗದ ದಿನ ಗರಡಿ ಕೀಲಿ ಬ್ಯಾರೇದಾಂವಗ ಕೊಟ್ಟು ಮನ್ಯಾಗ ಕುಂಡ್ರತೇನಿ."

"ಮನ್ಯಾಗ ಕುಂತು ನನ್ನ ತಲಿ ತಿನ್ನಾಕ?" ಎಂದಳು ಕಾಕೂ. "ಅದರಕಿಂತ ಡಾಕ್ಟರ್ ಕಡೆ ಹೋಗೂದು ಛಲೋ."

ಜಮಖಂಡಿಯ ಆಸ್ಪತ್ರೆಯ ವೈದ್ಯರು ಇದು ಶ್ವಾಸಕೋಶದ ಹಳೆಯ ಕಾಯಿಲೆ ಎಂದರು. ಪೂರ್ತಿ ಗುಣವಾಗುವುದಿಲ್ಲ, ಹಿಡಿತದಲ್ಲಿ ಇಡಬಹುದು. ಬಾಯಿಗೆ ಹಚ್ಚಿ ಎಳೆಯುವ ಪಂಪು ಬರೆದುಕೊಟ್ಟು, ವ್ಯಾಯಾಮ ಕಲಿಯಲು ಫಿಸಿಯೋಥೆರಪಿ ವಿಭಾಗಕ್ಕೆ ಕಳುಹಿಸಿದರು. ಜೀವನವಿಡೀ ದಂಡ ಬೈಠಕ್ ಕಲಿಸಿದವರಿಗೆ ವ್ಯಾಯಾಮದ ಪಾಠ! ಕಾಕಾ ನಗಲಿಲ್ಲ.

ಅಲ್ಲಿದ್ದಾಕೆ ತೇರದಾಳದ ತರುಣಿ. ಬೆರಳಿಗೆ ಕ್ಲಿಪ್ಪು ಹಾಕಿ ಕಾಕಾನನ್ನು ವರಾಂಡದಲ್ಲಿ ನಡೆಸಿದಳು. ಅರ್ಧಕ್ಕೇ ಅವರು ಗೋಡೆ ಹಿಡಿದರು.

"ಅಜ್ಜಾರ, ಉಸರ ಮೂಗಿಲೆ ತಗೋರಿ. ಬಿಡೂ ಮುಂದ ತುಟಿ ಸಣ್ಣಗ ಮಾಡಿ, ಬಿಸಿ ಚಾ ಆರಿಸಿದಂಗ ಬಾಯಿಲೆ ಬಿಡ್ರಿ. ನಿಧಾನಕ."

"ಬಾಯಿಲೆ ಆಗಂಗಿಲ್ಲವ್ವಾ."

"ಯಾಕ್ರಿ, ಹಲ್ಲು ನೋವೇನು?"

"ಪೈಲ್ವಾನ ಅದೇನಿ."

ಆಕೆಗೆ ತಿಳಿಯಲಿಲ್ಲ. ನಾನು ಗರಡಿಯ ನಿಯಮ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಕಾಕಾನ ಕಡೆ ತಿರುಗಿದಳು.

"ಲೋಕಾಪುರ ಬಸ್‌ಸ್ಟ್ಯಾಂಡ್ ನೋಡೀರಿಲ್ರಿ? ಇಳಿಯೋರು ಇಳಿಯೂ ಮೊದಲ ಹತ್ತೋರು ನುಗ್ಗಿದ್ರ ಏನಾಕ್ಕೈತಿ? ನಿಮ್ಮ ಎದ್ಯಾಗ ಅದ ಆಗಾಕತ್ತೈತಿ. ಹಳೇ ಗಾಳಿ ಹೊರಗ ಬೀಳವಲ್ದು, ಹೊಸಾದು ಒಳಗ ಹೋಗವಲ್ದು. ಜೋರ್ ನಡದಷ್ಟೂ ಗದ್ದಲ ಹೆಚ್ಚು. ಮೊದಲ ಇಳಿಸ್ರಿ."

ಕಾಕಾ ಕೇಳಿಸಿಕೊಂಡರು, ತಲೆಯಾಡಿಸಿದರು, ಬಾಯಿ ಮುಚ್ಚಿಕೊಂಡೇ ಮನೆಗೆ ಬಂದರು. ವಾರ ಕಳೆಯುವುದರೊಳಗೆ ಗರಡಿಯ ಕೀಲಿ ಯಾರಿಗೆ ಕೊಡುವುದೆಂಬ ಮಾತು ಅವರೇ ಎತ್ತಿದರು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವರಾಂಡದ ಬೆಂಚಿನ ಮೇಲೆ ದಪ್ಪ ಕಿವಿಯ ಮುದುಕರೊಬ್ಬರು ಕೂತಿದ್ದರು. ಮಣ್ಣಿನಲ್ಲಿ ಉಜ್ಜಿ ಉಜ್ಜಿ ಮುದುಡಿದ ಪೈಲ್ವಾನರ ಕಿವಿ. ಕಾಕಾ ದೂರದಿಂದಲೇ ಗುರುತು ಹಿಡಿದರು. ಹರೆಯದಲ್ಲಿ ಇವರಿಬ್ಬರೂ ಹಲವು ಕಣಗಳಲ್ಲಿ ಎದುರಾದವರು. ಆ ಮುದುಕರದು ಮುಧೋಳ. ಕುಸ್ತಿ ಬಿಟ್ಟ ಮೇಲೆ ಬೆಲ್ಲದ ಗಾಣದ ಒಲೆಗೆ ಉರಿ ಹಾಕುತ್ತ, ಬೀಡಿ ಸೇದುತ್ತ ಅದೇ ಕಾಯಿಲೆ ಹಚ್ಚಿಕೊಂಡಿದ್ದರು.

"ಏನಲೇ ಮುಧೋಳ, ಇನ್ನೂ ಜೀವಂತ ಅದೀ?"

"ನಿನ್ನ ಮಣ್ಣಿಗೆ ಬಂದ ಹೋಗಬೇಕಂತ ಉಳ್ಕೊಂಡೇನಿ."

ಇಬ್ಬರನ್ನೂ ಜೊತೆಯಲ್ಲಿ ನಡೆಸಿದ್ದು ಆ ತರುಣಿಯ ತಪ್ಪು. ನಿಧಾನ ನಡೆಯಿರಿ ಎಂದಳು. ಎರಡು ಹೆಜ್ಜೆ ಅವರು ಹಾಗೆಯೇ ನಡೆದರು. ಮುಧೋಳದವರ ಭುಜ ಸ್ವಲ್ಪ ಮುಂದಾಯಿತು, ಕಾಕಾ ಅದನ್ನು ಸರಿಗಟ್ಟಿದರು. ಆಮೇಲೆ ಅದು ವ್ಯಾಯಾಮವಾಗಿ ಉಳಿಯಲಿಲ್ಲ. ಇಬ್ಬರ ಮೂಗಿನ ಹೊಳ್ಳೆಗಳೂ ಅರಳಿದ್ದವು, ಇಬ್ಬರ ಬಾಯಿಯೂ ಮುಚ್ಚಿತ್ತು.

"ಹುಚ್ಚ ಹಿಡೀತೇನ್ರಿ ಇಬ್ರಿಗೂ? ಬಾಯಿ ತಗೀರಿ ಮೊದಲ!" ಎಂದು ಆಕೆ ಹಿಂದಿನಿಂದ ಕೂಗಿದಳು.

ಮೊದಲು ಬಾಯಿ ತೆರೆದವರು ಮುಧೋಳದವರು. ತುಟಿ ಮುಂದೆ ಮಾಡಿ ಉದ್ದಕ್ಕೆ ಊದಿದರು. ಕಾಕಾ ಅದನ್ನು ನೋಡಿದರು. ಬೆಂಚಿನ ಮೇಲೆ ಕುಸಿದು, ಬೆರಳು ಮಾಡಿ, ತುಂಡು ತುಂಡಾಗಿ ಹೇಳಿದರು: "ಸೋತಿ... ಲೇ... ಸೋತಿ."

ಮುಧೋಳದವರು ನಿಲ್ಲಲಿಲ್ಲ. ಊದುತ್ತ ವರಾಂಡದ ಕೊನೆ ಮುಟ್ಟಿದರು, ಊದುತ್ತಲೇ ತಿರುಗಿ ಬಂದು ಕಾಕಾನ ಮುಂದೆ ನಿಂತರು. ಉಸಿರು ಪೂರ್ತಿ ಹೊರಗೆ ಹೋಗುವ ತನಕ ಮಾತನಾಡಲಿಲ್ಲ. ಆಮೇಲೆ, "ಸೋತಾಂವ ನಡ್ಯಾಕತ್ತಾನ, ಗೆದ್ದಾಂವ ಕುಂತಾನ. ಯಾ ಊರ ಕುಸ್ತಿಲೇ ಇದು?" ಎಂದರು.

ಕಾಕಾ ನೆಲ ನೋಡುತ್ತ ಕೂತರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿದ್ದರು. ಗಾಜಿನ ಮೇಲೆ ಅವರ ಬಾಯಿಯ ಎದುರಿಗೆ ಸಣ್ಣ ಮಂಜು ಮೂಡುತ್ತಿತ್ತು, ಆರುತ್ತಿತ್ತು.

ಮರುದಿನ ಬೆಳಿಗ್ಗೆ ಅವರು ಟವೆಲ್ಲಿನಿಂದ ಮೂಗು, ಬಾಯಿ ಸುತ್ತಿಕೊಂಡು ಹೊರಟರು. ಕಾಕೂ ಕೇಳಿದ್ದಕ್ಕೆ "ಧೂಳು" ಎಂದರು. ರಾತ್ರಿ ಮಳೆಯಾಗಿ ರಸ್ತೆ ತೊಯ್ದಿತ್ತು. ನಾನು ಜೊತೆಗೆ ಹೋದೆ. ಏರಿನಲ್ಲಿ ಟವೆಲ್ಲು ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕಚ್ಚೆ ಬಿಗಿ ಮಾಡಲು ಅವರು ನಿಲ್ಲಲಿಲ್ಲ. ಅಂಗಡಿಯ ಮುಂದೆ ನಿಂತರೂ ಬೇಳೆಯ ದರ ಕೇಳಲಿಲ್ಲ.

ಗರಡಿಯಲ್ಲಿ ಹುಡುಗರು ಸಾಮು ಮಾಡುತ್ತಿದ್ದರು. ಕಣಕ್ಕೆ ಬಾಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದು ಅಲ್ಲಿನ ಪದ್ಧತಿ. ಮುಖ ಮುಚ್ಚಿಕೊಂಡು ಮಣ್ಣಿಗೆ ನಮಸ್ಕಾರ ಮಾಡುವುದಿಲ್ಲ. ಕಾಕಾ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಟವೆಲ್ಲು ತೆಗೆದು ಹೆಗಲಿಗೆ ಹಾಕಿ ಬಾಗಿದರು. ಎದ್ದಾಗ ತುಟಿ ಮುಂದಾಗಿತ್ತು, ಉಸಿರು ಸಣ್ಣ ಸಪ್ಪಳದಿಂದ ಹೊರಗೆ ಹೋಗುತ್ತಿತ್ತು.

ಸಾಮು ನಿಂತಿತು. ಎಲ್ಲರಿಗಿಂತ ದೊಡ್ಡ ಪೈಲ್ವಾನ ಮೆಲ್ಲಗೆ, "ಉಸ್ತಾದ್ರ, ಬಾಯಿ..." ಎಂದ.

ಕಾಕಾ ಕೈ ಎತ್ತಿ ತಡೆದರು. ಒಳಗಿನ ಗಾಳಿ ಪೂರ್ತಿ ಇಳಿಸಿದರು.

"ನೀವು ಮುಚ್ಚರಿ. ನೀವು ಕುಸ್ತಿ ಹಿಡ್ಯಾವ್ರು. ನಾ ಇಲ್ಲಿಗೆ ನಡ್ಕೋತ ಬರಬೇಕಾಗೈತಿ."

ಬೇವಿನ ಕಡ್ಡಿ ತೆಗೆದುಕೊಂಡು ತಮ್ಮ ಜಾಗದಲ್ಲಿ ಕೂತರು. ಕೀಲಿ ಈಗಲೂ ಅವರ ಸೊಂಟದಲ್ಲಿದೆ. ಕಾಯಿಲೆಯೂ ಹಾಗೇ ಇದೆ. ಆವತ್ತು ಮರಳುವಾಗ ಟವೆಲ್ಲು ಹೆಗಲ ಮೇಲೆಯೇ ಇತ್ತು. "ಏನ್ ಉಸ್ತಾದ್ರ, ಸೀಟಿ ಹೊಡ್ಕೋತ ಹೊಂಟೀರಿ ಈ ವಯಸ್ಸಿನಾಗ?" ಎಂದು ಅಂಗಡಿಯವನು ಕೂಗಿದ. ಕಾಕಾ ಉತ್ತರಿಸಲು ನಿಲ್ಲಲಿಲ್ಲ.